ಕ್ರೀಮ್ ಬಿಡುವುದರಿಂದ ಬಾಯಿ ಬಿಡುವವರೆಗೆ: ಕಪ್ಪು ಮೈಬಣ್ಣದ ಹೆಣ್ಣುಮಕ್ಕಳಿಗೊಂದು ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದಲ್ಲಿ ಕಪ್ಪಗಿರುವ ಹುಡುಗಿಗೆ ಪುಕ್ಕಟೆ ಸಲಹೆಗೇನೂ ಬರ ಇಲ್ಲ. ಕಡಲೆಹಿಟ್ಟು ಹಚ್ಚು, ಬಿಸಿಲಿಗೆ ಹೋಗಬೇಡ, ಚಹಾ ಕಡಿಮೆ ಕುಡಿ, ಆ ಬಣ್ಣದ ಸೀರೆ ನಿನಗೆ ಒಪ್ಪಲ್ಲ. ಈಗ ಮೊಬೈಲಿನಲ್ಲಿ ಇನ್ನೊಂದು ಸಲಹೆ ಸೇರಿಕೊಂಡಿದೆ: ನಿನ್ನನ್ನು ನೀನು ಪ್ರೀತಿಸು. ಕೇಳೋಕೆ ಚೆನ್ನಾಗಿದೆ. ಆದರೆ ಕ್ರೀಮಿನಿಂದ ಮುಖ ಉರಿಯುತ್ತಿದ್ದರೆ, ಮನೆಯಲ್ಲಿ ದಿನಾ ಬಣ್ಣದ ಮಾತು ಬೀಳುತ್ತಿದ್ದರೆ, ಕನ್ನಡಿ ಮುಂದೆ ನಿಂತು 'ನಾನು ಚೆಂದ ಇದ್ದೀನಿ' ಅಂತ ಹೇಳಿಕೊಂಡದ್ದು ಸಂಜೆವರೆಗೂ ನಿಲ್ಲುವುದಿಲ್ಲ.

ಅದಕ್ಕೇ ಇಲ್ಲಿ ಕೆಲಸವನ್ನು ಇನ್ನೊಂದು ತುದಿಯಿಂದ ಹಿಡಿದಿದ್ದೇನೆ. ಮೊದಲು ಕಪಾಟು. ಆಮೇಲೆ ಆರೋಗ್ಯ, ಚರ್ಮ, ಕೂದಲು, ಬಟ್ಟೆ, ಫೋಟೋ. ಅದಾದ ಮೇಲೆ ಮನೆಮಂದಿ. ಆತ್ಮವಿಶ್ವಾಸ ಬಹುಪಾಲು ಇವುಗಳ ಹಿಂದೆಯೇ ಬರುತ್ತದೆ. ಎಲ್ಲವನ್ನೂ ಒಂದೇ ವಾರದಲ್ಲಿ ಮುಗಿಸಬೇಕಿಲ್ಲ. ಮೊದಲ ಹೆಜ್ಜೆ ಮಾತ್ರ ಇವತ್ತೇ ಇಡಿ.

ಹೆಜ್ಜೆ 1: ಹಚ್ಚುತ್ತಿರುವ ಟ್ಯೂಬಿನ ಹಿಂಭಾಗ ಓದಿ

'ಫೇರ್ ಅಂಡ್ ಲವ್ಲಿ' 1975ರಲ್ಲಿ ಮಾರುಕಟ್ಟೆಗೆ ಬಂತು. 2020ರಲ್ಲಿ ಅದರ ಹೆಸರು 'ಗ್ಲೋ ಅಂಡ್ ಲವ್ಲಿ' ಆಯಿತು. ಈ ನಡುವೆ ನಮ್ಮ ಮೂರು ತಲೆಮಾರು ಬೆಳ್ಳಗಾಗುವ ಕನಸು ಕಂಡಿತು. ಆದರೆ ಇವತ್ತಿನ ದೊಡ್ಡ ಅಪಾಯ ಜಾಹೀರಾತಿನ ಕ್ರೀಮುಗಳಲ್ಲಿ ಇಲ್ಲ. ಅದು ಔಷಧಿ ಅಂಗಡಿಯ ಸಣ್ಣ ಟ್ಯೂಬುಗಳಲ್ಲಿದೆ. 'ನಮ್ಮ ತಂಗಿ ಹಚ್ಚಿ ಭಾಳ ಚೊಲೋ ಆಗ್ಯಾಳ' ಅಂತ ಒಬ್ಬರಿಂದೊಬ್ಬರಿಗೆ ದಾಟುವ ಟ್ಯೂಬುಗಳು.

ಟ್ಯೂಬನ್ನು ಬೆಳಕಿಗೆ ಹಿಡಿಯಿರಿ. ಅಕ್ಷರ ಸಾಸಿವೆಯಷ್ಟಿರುತ್ತವೆ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್, ಫ್ಲುಯೊಸಿನೊಲೋನ್: ಇವುಗಳಲ್ಲಿ ಯಾವುದೇ ಹೆಸರು ಕಂಡರೂ ಅದು ಸ್ಟಿರಾಯ್ಡ್. ಮೂರು ಹೆಸರು ಒಟ್ಟಿಗೆ ಇದ್ದರೆ, ಅಂದರೆ ಹೈಡ್ರೊಕ್ವಿನೋನ್, ಟ್ರೆಟಿನಾಯ್ನ್ ಮತ್ತು ಒಂದು ಸ್ಟಿರಾಯ್ಡ್, ಅದು ಬಂಗು ಅನ್ನುವ ಮುಖದ ಕಂದು ಕಲೆಗೆ ಡಾಕ್ಟರು ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡುವ ಔಷಧಿ. ದಿನಾ ಹಚ್ಚುವ ಫೇರ್‌ನೆಸ್ ಕ್ರೀಮ್ ಅಲ್ಲವೇ ಅಲ್ಲ. ಮುಖಕ್ಕೆ ಬಳಸುವ ಇಂಥ ಹಲವು ಸ್ಟಿರಾಯ್ಡ್ ಕ್ರೀಮುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ. ಕೊಡುತ್ತಾರೆ, ಆ ಮಾತು ಬೇರೆ.

ಈ ಟ್ಯೂಬಿನ ಆಟ ಹೀಗಿದೆ. ಮೊದಲ ಕೆಲವು ವಾರ ಮುಖ ಥಳಥಳ ಅನ್ನುತ್ತದೆ. ಎಲ್ಲರೂ ಹೊಗಳುತ್ತಾರೆ. ನಿಧಾನಕ್ಕೆ ಚರ್ಮ ತೆಳ್ಳಗಾಗುತ್ತದೆ. ಕೆನ್ನೆಯ ಮೇಲೆ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತವೆ, ಬೇಡದ ಕಡೆ ಕೂದಲು ಬರುತ್ತದೆ. ಬಿಸಿಲಿಗೆ ಹೋದರೆ ಖಾರ ಹಚ್ಚಿದಂತೆ ಉರಿ. ಗಾಬರಿಯಾಗಿ ಬಿಟ್ಟರೆ ಇನ್ನೂ ಜಾಸ್ತಿ ಉರಿ. ಹಾಗಾಗಿ ಮತ್ತೆ ಅದೇ ಟ್ಯೂಬ್. ತುಂಬಾ ಹೆಣ್ಣುಮಕ್ಕಳು 'ನನ್ನ ಮುಖಕ್ಕೆ ಈ ಕ್ರೀಮ್ ಇಲ್ಲದೆ ಆಗಲ್ಲ' ಅನ್ನುವ ಹಂತಕ್ಕೆ ಬರೋದು ಹೀಗೆ. ಬಹಳ ಕಾಲದಿಂದ ಹಚ್ಚುತ್ತಿದ್ದರೆ ನೀವೇ ಏಕಾಏಕಿ ನಿಲ್ಲಿಸಬೇಡಿ. ಚರ್ಮದ ಡಾಕ್ಟರಿಗೆ ಟ್ಯೂಬನ್ನೇ ಒಯ್ದು ತೋರಿಸಿ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗದ ಜಿಮ್ಸ್, ಹಾವೇರಿಯ ಜಿಲ್ಲಾ ಆಸ್ಪತ್ರೆ ಎಲ್ಲವೂ ಸರ್ಕಾರಿ, ಖರ್ಚು ಕಡಿಮೆ. ಉರಿ ತಗ್ಗಿ ಚರ್ಮ ಸುಧಾರಿಸಲು ತಿಂಗಳುಗಳೇ ಬೇಕಾಗಬಹುದು. ಆ ತಿಂಗಳುಗಳಲ್ಲಿ ಮುಖ ಚೆನ್ನಾಗಿ ಕಾಣಲ್ಲ. ಇದನ್ನು ಮೊದಲೇ ತಿಳಿದುಕೊಂಡಿದ್ದರೆ ನಡುವೆ ಧೈರ್ಯ ಕುಸಿಯುವುದಿಲ್ಲ.

ಕಂಪನಿಯ ವಿಳಾಸ, ಬ್ಯಾಚ್ ನಂಬರ್ ಏನೂ ಇಲ್ಲದ ಡಬ್ಬಿಗಳನ್ನು ಸೀದಾ ಬಿಸಾಕಿ. ಅವುಗಳಲ್ಲಿ ಪಾದರಸ ಇರುವ ಸಾಧ್ಯತೆ ಇದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮುಗಳಿಂದ ಕಿಡ್ನಿ ತೊಂದರೆ ಆದವರು ಪತ್ತೆಯಾದರು. ಕಾಲು ಬಾತು, ಮೂತ್ರದಲ್ಲಿ ನೊರೆ ಬರುತ್ತಿದ್ದರೆ ತಡ ಮಾಡದೆ ತೋರಿಸಿ. ಬೆಳ್ಳಗಾಗಲು ಗ್ಲುಟಾಥಯೋನ್ ಇಂಜೆಕ್ಷನ್ ಕೊಡುತ್ತೇವೆ ಅನ್ನುವವರ ಹತ್ತಿರವೂ ಹೋಗಬೇಡಿ. ಆ ಉದ್ದೇಶಕ್ಕೆ ನಮ್ಮಲ್ಲಿ ಅದಕ್ಕೆ ಅನುಮತಿ ಇಲ್ಲ.

ಹೆಜ್ಜೆ 2: ಬಣ್ಣ ಯಾವುದು, ಕಾಯಿಲೆ ಯಾವುದು ಬೇರೆ ಮಾಡಿಕೊಳ್ಳಿ

ಮೈಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳು ಬೆಳ್ಳಗಿರುವವರಲ್ಲೂ ಕಪ್ಪಗಿರುವವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಅವು ಎಷ್ಟು ಮೆಲನಿನ್ ತಯಾರಿಸುತ್ತವೆ, ಎಂಥದ್ದು ತಯಾರಿಸುತ್ತವೆ ಅನ್ನೋದರಲ್ಲಿ ವ್ಯತ್ಯಾಸ. ಅದು ಹುಟ್ಟಿನಿಂದ ಬಂದದ್ದು. ಚಹಾ ಕುಡಿದರೆ ಹೆಚ್ಚಾಗಲ್ಲ, ಕೇಸರಿ ಹಾಲು ಕುಡಿದರೆ ಕಡಿಮೆಯೂ ಆಗಲ್ಲ.

ಆದರೆ ಕೆಲವು ಕಪ್ಪು ಬೇರೆಯೇ ಕಥೆ ಹೇಳುತ್ತವೆ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪಗಾಗಿ ಮಖಮಲ್ ಥರ ಕಪ್ಪಾಗಿದ್ದರೆ ಅದು ಕೊಳೆ ಅಲ್ಲ. ಎಷ್ಟೋ ತಾಯಂದಿರು ಮಗಳ ಕತ್ತನ್ನು ಕಲ್ಲಿನಿಂದ ಗಸಗಸ ಉಜ್ಜಿ ರಕ್ತ ಬರಿಸಿದ್ದಾರೆ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಹೀಗಾಗುತ್ತದೆ. ಮುಂದೆ ಸಕ್ಕರೆ ಕಾಯಿಲೆ ಬರಬಹುದು ಅನ್ನುವುದರ ಮುನ್ಸೂಚನೆ ಅದು. ಪಿಸಿಓಡಿ ಅನ್ನುವ ಅಂಡಾಶಯದ ಹಾರ್ಮೋನ್ ತೊಂದರೆ ಇರುವ ಹುಡುಗಿಯರಲ್ಲೂ ಇದು ಸಾಮಾನ್ಯ. ಉಜ್ಜುವುದು ಬಿಟ್ಟು ಶುಗರ್ ಪರೀಕ್ಷೆ ಮಾಡಿಸಿ. ಮುಟ್ಟು ತಪ್ಪುತ್ತಿದ್ದರೆ ಅದನ್ನೂ ಹೇಳಿ.

ಇನ್ನೊಂದು ವಿಷಯ ಬಸುರಿಯರದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಬ್ಬಿಣಾಂಶದ ಗುಳಿಗೆ ತಿಂದರೆ ಕೂಸು ಕಪ್ಪಾಗುತ್ತದೆ ಅಂತ ನಂಬಿ ಆಶಾ ಕಾರ್ಯಕರ್ತೆ ಕೊಟ್ಟ ಗುಳಿಗೆಗಳನ್ನು ಹಿತ್ತಿಲಿಗೆ ಎಸೆಯುವವರು ನಮ್ಮ ಕಡೆ ಇನ್ನೂ ಇದ್ದಾರೆ. ಗುಳಿಗೆ ತಿಂದಾಗ ಕಪ್ಪಾಗುವುದು ಮಲ ಮಾತ್ರ, ಅದರಿಂದ ತೊಂದರೆ ಏನಿಲ್ಲ. ಕೂಸಿನ ಬಣ್ಣಕ್ಕೂ ಗುಳಿಗೆಗೂ ಸಂಬಂಧ ಇಲ್ಲ. ಸರ್ಕಾರದ ಕಾರ್ಯಕ್ರಮದಲ್ಲಿ ಬಸುರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ಈ ಗುಳಿಗೆ ಕೊಡುತ್ತಾರೆ, ಬಾಣಂತಿಗೆ ಮತ್ತೆ 180 ದಿನ. ಬಣ್ಣದ ಭಯಕ್ಕೆ ಇದನ್ನು ಬಿಟ್ಟರೆ ರಕ್ತ ಕಡಿಮೆಯಾಗಿ ಹೆರಿಗೆಯಲ್ಲಿ ಜೀವಕ್ಕೇ ಕುತ್ತು. ಹೆರಿಗೆ ವಾರ್ಡಿನಲ್ಲಿ ನೋಡಿ: ಕೂಸು ಕೈಗೆ ಬಂದ ಕೂಡಲೇ ಅಜ್ಜಿ ಕುಂಚಿಗೆ ಸರಿಸಿ ಕಿವಿಯ ಅಂಚು ನೋಡುತ್ತಾಳೆ. ಅಲ್ಲಿ ಕಪ್ಪಿದ್ದರೆ ಮುಂದೆ ಮೈಯೆಲ್ಲ ಅದೇ ಬಣ್ಣ ಅಂತ ಲೆಕ್ಕ. ತೂಕ ಎಷ್ಟು, ಹಾಲು ಕುಡಿಯಿತಾ ಅನ್ನುವ ಪ್ರಶ್ನೆ ಆಮೇಲೆ. ಬಾಣಂತಿ ಆ ಅಜ್ಜಿಯ ಮುಖವನ್ನೇ ನೋಡುತ್ತಿರುತ್ತಾಳೆ. ಅಲ್ಲಿ ಇದ್ದವರು ಯಾರಾದರೂ ಸರಿ, ಮೊದಲು ತೂಕ ಕೇಳಿ. ಮಾತಿನ ದಾರಿ ಬದಲಾಗುತ್ತದೆ.

ಹೆಜ್ಜೆ 3: ದಿನಕ್ಕೆ ಮೂರೇ ಕೆಲಸ

ಚರ್ಮಕ್ಕೆ ಬೇಕಾದದ್ದು ಕಡಿಮೆ. ಸೌಮ್ಯವಾದ ಫೇಸ್‌ವಾಶ್, ಮಾಯಿಶ್ಚರೈಸರ್, ಹಗಲಿಗೆ ಸನ್‌ಸ್ಕ್ರೀನ್. ಅಷ್ಟೇ.

ಕಪ್ಪಗಿರುವವರಿಗೆ ಸನ್‌ಸ್ಕ್ರೀನ್ ಯಾಕೆ ಅಂತ ಕೇಳುತ್ತಾರೆ. ಮೆಲನಿನ್ ಬಿಸಿಲಿನಿಂದ ಸ್ವಲ್ಪ ಕಾಪಾಡುತ್ತದೆ, ನಿಜ. ಆದರೆ ನಮ್ಮಂಥ ಚರ್ಮದಲ್ಲಿ ಬಂಗು ಮತ್ತು ಮೊಡವೆ ಕಲೆ ಬೇಗ ಕೂರುತ್ತವೆ, ಬಿಸಿಲು ಬಿದ್ದರೆ ಇನ್ನೂ ಗಟ್ಟಿಯಾಗುತ್ತವೆ. ಬೆಳ್ಳಗಾಗಲು ಹಚ್ಚುವುದು ಬೇಡ, ಕಲೆ ತಡೆಯಲು ಹಚ್ಚಿ. ಎಸ್‌ಪಿಎಫ್ 30 ಇದ್ದರೆ ಸಾಕು. ಎರಡು ಬೆರಳುದ್ದ ಹಿಂಡಿ ಮುಖಕ್ಕೂ ಕತ್ತಿಗೂ ಹಚ್ಚಿ. ಹೊಲದಲ್ಲಿ, ರಸ್ತೆಯಲ್ಲಿ ಕೆಲಸವಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅದು ಆಗದ ಮಾತು ಅನ್ನುವವರಿಗೆ ಸೆರಗು, ಟವೆಲ್, ಅಗಲ ಟೋಪಿ ಇವೆ. ಸುಮ್ನೆ ಮನೆಯಲ್ಲಿ ಕೂತವರಿಗಿಂತ ಬ್ಯಾಡಗಿ ಕಡೆ ಮೆಣಸಿನಕಾಯಿ ಕಳದಲ್ಲಿ ದಿನವಿಡೀ ಬಿಸಿಲಲ್ಲಿ ಕೂತು ತೊಟ್ಟು ಬಿಡಿಸುವ ಹೆಂಗಸರಿಗೆ ಇದು ಬೇಕಾದದ್ದು. ಜಾಹೀರಾತಿನಲ್ಲಿ ಅವರು ಮಾತ್ರ ಕಾಣಲ್ಲ.

ಹಚ್ಚಿದ ಮೇಲೆ ಮುಖ ಬೂದಿ ಬಳಿದಂತೆ ಕಂಡರೆ ಅದು ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಕೆಲಸ. ಜೆಲ್ ರೂಪದ್ದು ಅಥವಾ ಕಂದು ಛಾಯೆಯ ಟಿಂಟೆಡ್ ಸನ್‌ಸ್ಕ್ರೀನ್ ಕೇಳಿ. ಟಿಂಟೆಡ್‌ನಲ್ಲಿ ಐರನ್ ಆಕ್ಸೈಡ್ ಇರುತ್ತದೆ. ಬಂಗು ಇರುವವರಿಗೆ ಇದೇ ಒಳ್ಳೆಯದು.

ಮನೆಮದ್ದಿನಲ್ಲಿ ನಿಂಬೆಹಣ್ಣು ಬಿಡಿ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ಟೂತ್‌ಪೇಸ್ಟ್, ಅಡುಗೆ ಸೋಡಾ ಕೂಡ ಬೇಡ. ಕಡಲೆಹಿಟ್ಟು, ಅರಿಶಿನ, ಕೊಬ್ಬರಿ ಎಣ್ಣೆ ನಿಮ್ಮ ಚರ್ಮಕ್ಕೆ ಒಗ್ಗಿದರೆ ಹಚ್ಚಿಕೊಳ್ಳಿ. ಹಬ್ಬದ ಎಣ್ಣೆಸ್ನಾನದ ಸುಖಕ್ಕೆ ಹಚ್ಚಿ, ಬಣ್ಣ ಬದಲಾಗುತ್ತದೆ ಅಂತ ಬೇಡ.

ಹೆಜ್ಜೆ 4: ಗುಂಗುರು ಕೂದಲನ್ನು ಅದರ ಪಾಡಿಗೆ ಬಿಡಿ

ಧಾರವಾಡ ಜಿಲ್ಲೆಯ ಕಲಘಟಗಿ ಕಡೆಯ ಸಿದ್ದಿ ಹೆಣ್ಣುಮಕ್ಕಳನ್ನು ಇಲ್ಲಿ ನೆನೆಯಲೇಬೇಕು. ಅವರ ಹಿರಿಯರು ಆಫ್ರಿಕಾ ಮೂಲದವರು. ಇವರು ಮಾತ್ರ ಇಲ್ಲಿಯೇ ಹುಟ್ಟಿ, ಕನ್ನಡ ಕೊಂಕಣಿ ಮಾತಾಡುತ್ತಾ ಬೆಳೆದವರು. ಆದರೂ ಬಸ್‌ಸ್ಟ್ಯಾಂಡಿನಲ್ಲಿ 'ಯಾವ ದೇಶದವರು' ಅಂತ ಕೇಳುತ್ತಾರೆ. ಕೇಳದೇ ಕೂದಲು ಮುಟ್ಟಿ ನೋಡುತ್ತಾರೆ. ಹಾಗೆ ಕೈ ಹಾಕಿದವರಿಗೆ 'ಮುಟ್ಟಬ್ಯಾಡ್ರಿ' ಅಂತ ಜೋರಾಗಿ ಹೇಳುವುದು ಉದ್ಧಟತನ ಅಲ್ಲ. ಪಕ್ಕದಲ್ಲಿ ನಾವಿದ್ದರೆ ನಾವೂ ಹೇಳಬೇಕು.

ಬಿಗಿ ಗುಂಗುರಿನ ಕೂದಲು ಬೇಗ ಒಣಗುತ್ತದೆ. ತಲೆಯ ಜಿಡ್ಡು ಆ ಸುರುಳಿಗಳನ್ನು ದಾಟಿ ತುದಿಗೆ ಇಳಿಯುವುದಿಲ್ಲ. ಹಾಗಾಗಿ ಶಾಂಪೂ ಕಡಿಮೆ, ಕಂಡೀಷನರ್ ಜಾಸ್ತಿ. ಒಣ ಕೂದಲಿಗೆ ಬಾಚಣಿಗೆ ಹಾಕಬೇಡಿ. ಒದ್ದೆ ಇರುವಾಗ, ಕಂಡೀಷನರ್ ಹಚ್ಚಿದ ಮೇಲೆ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರು ಮಾಡಿ ಬುಡದ ಕಡೆ ಬನ್ನಿ. ಟವೆಲಿನಿಂದ ಬಡಿಯದೆ ಹಳೆ ಕಾಟನ್ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ರಾತ್ರಿ ತಲೆಗೆ ಹಳೆ ರೇಷ್ಮೆ ಬಟ್ಟೆ ಸುತ್ತಿಕೊಂಡರೆ ಉಜ್ಜಿ ತುಂಡಾಗುವುದು ತಪ್ಪುತ್ತದೆ. ಜಡೆ ಎಳೆದು ಬಿಗಿಯಾಗಿ ಹಾಕಬೇಡಿ, ವರ್ಷಗಟ್ಟಲೆ ಹಾಗೆ ಹಾಕಿದರೆ ಹಣೆಯ ಅಂಚಿನ ಕೂದಲು ಹೋಗಿಬಿಡುತ್ತದೆ.

ಪಾರ್ಲರಿನಲ್ಲಿ 'ಕೆರಾಟಿನ್ ಮಾಡಿಸಿ, ಸೀದಾ ಆಗುತ್ತದೆ' ಅನ್ನುತ್ತಾರೆ. ಅಂಥ ಹಲವು ಟ್ರೀಟ್‌ಮೆಂಟ್‌ಗಳಲ್ಲಿ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬರುತ್ತದೆ. ನಿಮಗೂ ಒಳ್ಳೆಯದಲ್ಲ, ದಿನವಿಡೀ ಅದನ್ನೇ ಮಾಡುವ ಹುಡುಗಿಗಂತೂ ಇನ್ನೂ ಕೆಟ್ಟದ್ದು.

ಹೆಜ್ಜೆ 5: ಬಟ್ಟೆ, ಮೇಕಪ್, ಫೋಟೋ

ಸೀರೆ ಅಂಗಡಿಯಲ್ಲಿ ಕಪ್ಪಗಿರುವವರ ಮುಂದೆ ಬೀಳುವುದು ಮಾಸಲು ಗುಲಾಬಿ, ಬಿಸ್ಕೀಟ್ ಬಣ್ಣ, ತಿಳಿ ನೀಲಿ. ಅವನ್ನು ಪಕ್ಕಕ್ಕೆ ಸರಿಸಿ. ಇಳಕಲ್ ಸೀರೆಯ ದಾಳಿಂಬೆ ಕೆಂಪು, ಗಿಳಿ ಹಸಿರು, ನವಿಲು ಹಸಿರು ಕೇಳಿ. ಗುಳೇದಗುಡ್ಡ ಖಣದ ಕುಪ್ಪಸವನ್ನು ಅರಿಶಿನ ಬಣ್ಣದಲ್ಲೇ ಹೊಲಿಸಿ. ಗಾಢ ಮೈಬಣ್ಣದ ಮೇಲೆ ಇವು ಎದ್ದು ಕಾಣುವಷ್ಟು ಬೇರೆಯವರ ಮೇಲೆ ಕಾಣಲ್ಲ. ನನಗಂತೂ ಹಾಗೆಯೇ ಅನ್ನಿಸುತ್ತದೆ. ಅಂಗಡಿಯ ಟ್ಯೂಬ್‌ಲೈಟ್ ನಂಬಬೇಡಿ. ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲ ಬೆಳಕಿಗೆ ಬಂದು ನೋಡಿ.

ಮದುವೆ ಮೇಕಪ್ಪಿನಲ್ಲಿ ಮುಖ ಒಂದು ಬಣ್ಣ, ಕೈ ಒಂದು ಬಣ್ಣ ಆಗುವುದು ನಮ್ಮೂರಲ್ಲಿ ಮಾಮೂಲಿ. ಮೊದಲೇ ಟ್ರಯಲ್ ಕೇಳಿ. ಫೌಂಡೇಶನ್ ಶೇಡನ್ನು ಮುಂಗೈ ಮೇಲೆ ನೋಡಬೇಡಿ, ದವಡೆಯ ಅಂಚಿನಲ್ಲಿ ಹಚ್ಚಿ ಹಗಲು ಬೆಳಕಿನಲ್ಲಿ ನೋಡಿ. ಎಲ್ಲಿ ಹಚ್ಚಿದ್ದು ಅಂತ ಗೊತ್ತಾಗದಿದ್ದರೆ ಅದೇ ನಿಮ್ಮ ಶೇಡ್. ಕಣ್ಣಿನ ಕೆಳಗಿನ, ಬಾಯಿ ಸುತ್ತಲಿನ ಕಪ್ಪಿಗೆ ಬಿಳಿ ಕನ್ಸೀಲರ್ ಬಳಿದರೆ ಬೂದು ಬಣ್ಣ ಬರುತ್ತದೆ. ಮೊದಲು ಕಿತ್ತಳೆ ಛಾಯೆಯ ಕರೆಕ್ಟರ್ ಹಚ್ಚಿಸಿ. 'ನನ್ನ ಬಣ್ಣಕ್ಕೇ ಮಾಡ್ರಿ, ಬೆಳ್ಳಗ ಮಾಡಬ್ಯಾಡ್ರಿ' ಅಂತ ಮುಂಗಡ ಹಣ ಕೊಡುವ ಹೊತ್ತಿಗೇ ಹೇಳಿ. ಕುರ್ಚಿಯಲ್ಲಿ ಕೂತ ಮೇಲೆ ಹೇಳಿದರೆ ಯಾರೂ ಕೇಳಲ್ಲ.

ಫೋಟೋದಲ್ಲಿ ಕಪ್ಪಗಿರುವವರು ಚೆನ್ನಾಗಿ ಬರಲ್ಲ ಅನ್ನುವುದರಲ್ಲಿ ಅರ್ಧ ತಪ್ಪು ಕ್ಯಾಮೆರಾದ್ದು. ಕೊಡಾಕ್ ಕಂಪನಿ ಹಿಂದೆ ಬಣ್ಣ ಸರಿಪಡಿಸಲು ಲ್ಯಾಬುಗಳಿಗೆ ಕಳಿಸುತ್ತಿದ್ದ 'ಶರ್ಲಿ ಕಾರ್ಡ್'ಗಳಲ್ಲಿ ಇದ್ದದ್ದು ಬಿಳಿ ಚರ್ಮದ ಹೆಂಗಸಿನ ಚಿತ್ರ. ಬಹಳ ಕಾಲ ಅದೇ ಅಳತೆಗೋಲಾಗಿತ್ತು. ಇವತ್ತಿನ ಮೊಬೈಲಿನಲ್ಲೂ ಬಿಳಿ ಗೋಡೆ ಮುಂದೆ ನಿಂತರೆ ಮುಖ ಕತ್ತಲಾಗುತ್ತದೆ. ಕಿಟಕಿಗೆ ಮುಖ ಮಾಡಿ ನಿಲ್ಲಿ. ಪರದೆಯಲ್ಲಿ ಮುಖದ ಮೇಲೆ ಬೆರಳಿಟ್ಟು ಬೆಳಕಿನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ಬ್ಯೂಟಿ ಮೋಡ್ ಆಫ್ ಮಾಡಿ. ವರನ ಕಡೆಗೆ ಕಳಿಸುವ ಫೋಟೋ ಆದರಂತೂ ಸ್ಟುಡಿಯೋದವರಿಗೆ ಬಿಳಿ ಮಾಡಬೇಡಿ ಅಂತ ಖಡಕ್ಕಾಗಿ ಹೇಳಿ. ಫೋಟೋ ನೋಡಿ ಒಪ್ಪಿದವರು ಎದುರಿಗೆ ಬಂದಾಗ ಮುಖ ಸಣ್ಣ ಮಾಡಿಕೊಳ್ಳುವುದನ್ನು ನೋಡುವ ಕರ್ಮ ನಿಮಗೆ ಯಾಕೆ?

ಹೆಜ್ಜೆ 6: ಮನೆಮಂದಿಯ ಮಾತಿಗೆ ಉತ್ತರ ಮೊದಲೇ ಜೋಡಿಸಿಕೊಳ್ಳಿ

ಇದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಮಾತಾಡುವವರು ವೈರಿಗಳಲ್ಲ, ನಮ್ಮವರೇ. ಅಜ್ಜಿ ಪ್ರೀತಿಯಿಂದಲೇ 'ನಮ್ಮ ಕರಿ ಹುಡುಗಿ' ಅನ್ನುತ್ತಾಳೆ. ಪಂಢರಪುರದ ಕಪ್ಪು ವಿಠ್ಠಲನಿಗೆ ಕೈ ಮುಗಿದು ಬಂದವಳೇ ಸೊಸೆ ಮಾತ್ರ ಕೆಂಪಗಿರಬೇಕು ಅನ್ನುತ್ತಾಳೆ. ಅಜ್ಜಿಗೆ ಭಾಷಣ ಮಾಡಿ ಉಪಯೋಗವಿಲ್ಲ. 'ನನಗ ಹಂಗ ಕರೀಬ್ಯಾಡ ಯವ್ವಾ, ಬ್ಯಾಸರ ಆಗ್ತದ' ಅಂದರೆ ಸಾಕು. ಒಂದೇ ಸಲಕ್ಕೆ ಬಿಡುವುದಿಲ್ಲ. ಪ್ರತಿ ಸಲವೂ ಅದನ್ನೇ, ಅದೇ ದನಿಯಲ್ಲಿ ಹೇಳಿ.

ಕಾರ್ಯಕ್ರಮದಲ್ಲಿ ಸಿಗುವ ದೂರದ ನೆಂಟರದ್ದು ಬೇರೆ ರೀತಿ.

'ಯಾಕ ಇಷ್ಟ ಕರ್ರಗ ಆಗಿಯಲ್ಲಾ?'

'ಮೊದ್ಲಿಂದ ಹಿಂಗ ಇದೀನ್ರಿ ಅತ್ತಿ. ಊಟ ಆತೇನ್ರಿ?'

ಅಷ್ಟೇ. ವಿವರಣೆ ಕೊಡಬೇಡಿ. ಬಿಸಿಲು, ಹಾಸ್ಟೆಲ್ ನೀರು, ಪರೀಕ್ಷೆ ಅಂತ ಕಾರಣ ಹೇಳಲು ಶುರು ಮಾಡಿದರೆ ತಪ್ಪು ಒಪ್ಪಿಕೊಂಡಂತೆ. ಅವರು ಪರಿಹಾರ ಸೂಚಿಸಲು ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಕನ್ಯೆ ನೋಡುವ ಶಾಸ್ತ್ರದಲ್ಲಿ ಮಾತಾಡಬೇಕಾದದ್ದು ಹುಡುಗಿಗಿಂತ ಅಪ್ಪ. 'ಹುಡುಗಿ ಚೊಲೋ ಅದಾಳ, ಬಣ್ಣ ಒಂದೀಟು...' ಅಂತ ಆ ಕಡೆಯವರು ರಾಗ ಎಳೆದ ಕೂಡಲೇ ಅಪ್ಪ 'ಬಣ್ಣದ ಮಾತಿದ್ರ ಮುಂದುವರಿಯೂದು ಬ್ಯಾಡ್ರಿ' ಅಂದರೆ ಆ ಮನೆಯ ಹುಡುಗಿಗೆ ಅದಕ್ಕಿಂತ ದೊಡ್ಡ ಬಲ ಬೇರೆ ಇಲ್ಲ. ಬಣ್ಣ ಕಡಿಮೆ ಅಂತ ಬಂಗಾರ ಜಾಸ್ತಿ ಕೇಳಿದರೆ ಅದು ವರದಕ್ಷಿಣೆ, 1961ರ ಕಾಯ್ದೆ ಪ್ರಕಾರ ಅಪರಾಧ. ಬಯೋಡೇಟಾದಿಂದ ಬಣ್ಣದ ಸಾಲನ್ನೇ ತೆಗೆದುಬಿಡಿ.

ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ದಿನಾ ಬಣ್ಣದ ಹೆಸರಲ್ಲಿ ಹೀಯಾಳಿಕೆ ನಡೆದಿದ್ದರೆ ಅದನ್ನು ಸಹಿಸುವುದು ಸಂಸ್ಕಾರ ಅಂದುಕೊಳ್ಳಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅವಮಾನ, ಹೀಯಾಳಿಕೆ, ಅಡ್ಡಹೆಸರು ಇಟ್ಟು ಕರೆಯುವುದೂ ದೌರ್ಜನ್ಯದ ಪಟ್ಟಿಯಲ್ಲಿವೆ. ಏನಂದರು, ಯಾವತ್ತು ಅಂದರು ಅಂತ ಬರೆದಿಡಿ. 181ಕ್ಕೆ ಫೋನ್ ಮಾಡಿದರೆ ಮಹಿಳಾ ಸಹಾಯವಾಣಿ ಸಿಗುತ್ತದೆ.

ಹೆಜ್ಜೆ 7: ಮುಖಕ್ಕೆ ಸಂಬಂಧವಿಲ್ಲದ ಒಂದು ಕೆಲಸ ಹಿಡಿಯಿರಿ

ಧಾರವಾಡದಲ್ಲಿ 1913ರಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬದುಕಿದ ಗಂಗೂಬಾಯಿ ಹಾನಗಲ್ ಅವರ ಎಳೆ ವಯಸ್ಸಿನ ದನಿ ತೆಳ್ಳಗಿತ್ತು. ಗಂಟಲಿನ ತೊಂದರೆಯಾದ ಮೇಲೆ ಗಂಡು ದನಿಯಂತೆ ದಪ್ಪಗಾಯಿತು. ಹೆಂಗಸಿನ ದನಿ ಹೀಗಿರಬೇಕು ಅನ್ನುವ ಲೆಕ್ಕಕ್ಕೆ ಅದು ಸಿಗುವಂಥದ್ದಲ್ಲ. ಅವರು ಅದೇ ದನಿಯಲ್ಲಿ ದಶಕಗಟ್ಟಲೆ ಹಾಡಿದರು. 2002ರಲ್ಲಿ ಪದ್ಮವಿಭೂಷಣ ಬಂತು. ಎಲ್ಲರೂ ಗಂಗೂಬಾಯಿ ಆಗಬೇಕಿಲ್ಲ. ಟೈಲರಿಂಗ್, ಸ್ಕೂಟಿ ಕಲಿಯುವುದು, ಉಣಕಲ್ ಕೆರೆ ದಂಡೆಯಲ್ಲಿ ಬೆಳಗಿನ ಓಟ, ಬ್ಯಾಂಕ್ ಪರೀಕ್ಷೆ, ಕಬಡ್ಡಿ, ಯಾವುದಾದರೂ ಆದೀತು. ಒಂದೇ ನಿಯಮ: ಅದನ್ನು ಮಾಡುವ ಹೊತ್ತಿನಲ್ಲಿ ನೀವು ಹೇಗೆ ಕಾಣುತ್ತೀರಿ ಅನ್ನುವುದು ನೆನಪಿಗೇ ಬರಬಾರದು. ಇನ್‌ಸ್ಟಾಗ್ರಾಮಿಗೆ ರೀಲ್ಸ್ ಮಾಡುವುದು ಈ ಪಟ್ಟಿಗೆ ಸೇರಲ್ಲ.

ಹೆಜ್ಜೆ 8: ಮಕ್ಕಳಿದ್ದರೆ

ನಿಮ್ಮ ಬಣ್ಣದ ಬಗ್ಗೆ ಮಗಳ ಮುಂದೆ ನೀವು ಗೊಣಗಬೇಡಿ. ಅವಳು ನಿಮ್ಮನ್ನೇ ಹೋಲುತ್ತಾಳೆ, ಅಲ್ವಾ? ಶಾಲೆಯ ಗ್ಯಾದರಿಂಗಿನಲ್ಲಿ ರಾಣಿ ಪಾತ್ರ ಬೆಳ್ಳಗಿರುವ ಹುಡುಗಿಗೆ, ರಾಕ್ಷಸಿ ಪಾತ್ರ ಕಪ್ಪಗಿರುವ ಹುಡುಗಿಗೆ ಅಂತ ಹಂಚಿಕೆಯಾದರೆ ಟೀಚರನ್ನು ಕಂಡು ಕೇಳಿ. ಬಹಳ ಸಲ ಅವರು ಯೋಚಿಸದೇ ಮಾಡಿರುತ್ತಾರೆ, ಕೇಳಿದರೆ ಬದಲಾಯಿಸುತ್ತಾರೆ. ಕ್ರೇಯಾನ್ ಡಬ್ಬಿಯ ತಿಳಿ ಗುಲಾಬಿಗೆ 'ಸ್ಕಿನ್ ಕಲರ್' ಅನ್ನುವುದನ್ನು ಮನೆಯಲ್ಲಿ ನಿಲ್ಲಿಸಿ.

ಹೆಜ್ಜೆ 9: ಇಷ್ಟಾದರೂ ಮೇಲೇಳಲು ಆಗದಿದ್ದರೆ

ಮನೆಯಿಂದ ಹೊರಗೆ ಹೋಗಲು ಮನಸ್ಸಿಲ್ಲ, ಕಾಲೇಜು ತಪ್ಪಿಸುವಂತಾಗಿದೆ, ನಿದ್ದೆ ಊಟ ಕೆಟ್ಟಿದೆ, ಗಂಟೆಗಟ್ಟಲೆ ಕನ್ನಡಿ ನೋಡುವುದು ಅಥವಾ ಕನ್ನಡಿಯನ್ನೇ ತಪ್ಪಿಸುವುದು ನಡೆದಿದೆ ಅಂದರೆ ಅದಕ್ಕೆ ಚಿಕಿತ್ಸೆ ಇದೆ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಬೆಳಗಿನವರೆಗೆ ಕಾಯಬೇಡಿ. ಆಗಲೇ ಫೋನ್ ಮಾಡಿ, ಮನೆಯಲ್ಲಿ ಒಬ್ಬರನ್ನು ಎಬ್ಬಿಸಿ ಹೇಳಿ. ಎದುರಿಗೆ ಕೂತು ಮಾತಾಡಬೇಕು ಅನ್ನಿಸಿದರೆ ಧಾರವಾಡದ ಡಿಮ್ಹಾನ್ಸ್ ಇದೆ. ಹಳಬರು ಅದನ್ನು ಇನ್ನೂ ಹುಚ್ಚರ ಆಸ್ಪತ್ರೆ ಅನ್ನುತ್ತಾರೆ, ಆ ಮಾತಿಗೆ ಹೆದರಿ ಹೋಗದೇ ಇರಬೇಡಿ. ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ಗೆಳತಿಯನ್ನು ಕರೆದುಕೊಂಡು ಹೋಗಿ. ಏನು ಹೇಳಬೇಕು ಅಂತ ತಿಳಿಯದಿದ್ದರೆ 'ನನ್ನ ಬಣ್ಣದ ಬಗ್ಗೆ ಯೋಚನೆ ಮಾಡಿ ಮಾಡಿ ಬೇರೆ ಏನೂ ಮಾಡಲು ಆಗುತ್ತಿಲ್ಲ' ಅಂದರೆ ಸಾಕು. ಮುಂದಿನದನ್ನು ಅವರೇ ಕೇಳುತ್ತಾರೆ.